ಮೂರು ನಲವತ್ತರ ಲಾಗಿನ್

ಕಂತು ೧೧

ಗೋಡೆಯ ಗಡಿಯಾರ ಮೂರು ಮೂವತ್ತೊಂಬತ್ತು ತೋರಿಸುವಾಗ ಶಾಂತಿ ಕೀಬೋರ್ಡಿನಿಂದ ಎರಡೂ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

"ಈಗ ನೋಡ್ತಾ ಇರಿ ಅಕ್ಕ. ನಾನು ಏನನ್ನೂ ಮುಟ್ಟಲ್ಲ."

ಆಶಾರಾಣಿ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. ಭಾನುವಾರದ ಮಧ್ಯಾಹ್ನ. ವೈಟ್‌ಫೀಲ್ಡಿನ ಆ ಐದನೇ ಮಹಡಿಯಲ್ಲಿ ನೂರಾರು ಕುರ್ಚಿಗಳು ಮೇಜುಗಳ ಕೆಳಗೆ ತೂರಿಕೊಂಡು ಸುಮ್ಮನಿದ್ದವು. ರಜೆ ಅಂತ ಏಸಿಯನ್ನೂ ಅರ್ಧಕ್ಕೆ ಇಳಿಸಿದ್ದರು.

ನಿಮಿಷದ ಮುಳ್ಳು ಸರಿಯಿತು. ಪರದೆಯ ಕಪ್ಪು ಚೌಕದಲ್ಲಿ ಬಿಳಿಯ ಸಾಲೊಂದು ತಾನೇ ತಾನಾಗಿ ಮೂಡಿತು.

ಲಾಗಿನ್: ಬಾಲಾಜಿ. ಸಮಯ: ೩.೪೦.

ಬಾಲಾಜಿ ಸತ್ತು ಇವತ್ತಿಗೆ ಏಳು ವಾರ.

ವರ್ತೂರು ಕೆರೆಯ ನೊರೆಯಲ್ಲಿ ಅವನ ಹೆಣ ಸಿಕ್ಕ ಭಾನುವಾರವೂ ಇದೇ ಹೊತ್ತಿಗೆ ಇದೇ ಸಾಲು ಮೂಡಿತ್ತು. ಅದರ ಪ್ರಿಂಟ್‌ಔಟ್ ಹಿಡಿದುಕೊಂಡೇ ಪೊಲೀಸರು ಕ್ಯಾಬ್ ಡ್ರೈವರ್ ನರೇಶನನ್ನು ಒಳಗೆ ಹಾಕಿದ್ದರು. ಆ ಪ್ರಿಂಟ್‌ಔಟನ್ನು ತನ್ನ ವರದಿಗೆ ಪಿನ್ ಮಾಡಿ ಪೊಲೀಸರ ಕೈಗೆ ಕೊಟ್ಟವಳು ಕಂಪನಿ ನೇಮಿಸಿಕೊಂಡಿದ್ದ ಖಾಸಗಿ ಪತ್ತೇದಾರಿ, ಆಶಾರಾಣಿಯೇ.

"ಮುಂದೇನು?" ಎಂದಳು.

"ಈಗ ಸ್ಕ್ರಿಪ್ಟು, ತಾನಾಗೇ ಓಡೋ ಪ್ರೋಗ್ರಾಮು, ಸರ್ವರ್ ನಿಲ್ಲಿಸುತ್ತೆ. ಪೂರ್ತಿ ನಿಂತಿತಾ ಅಂತ ಅರ್ಧರ್ಧ ನಿಮಿಷಕ್ಕೆ ಕೇಳುತ್ತೆ. ನಿಂತ ಮೇಲೆ ಮತ್ತೆ ಎಬ್ಬಿಸುತ್ತೆ. ಎದ್ದು ಸರಿಯಾಗಿ ಮಾತಾಡಿದ್ರೆ ನಮಗೆಲ್ಲ ಮೇಲ್ ಕಳಿಸುತ್ತೆ. ಹನ್ನೆರಡು ನಿಮಿಷದ ಕೆಲಸ."

"ಯಾರೂ ಇರಬೇಕಾಗಿಲ್ಲವಾ?"

"ಇರಬಾರ್ದು ಅಂತಾನೇ ಬಾಲಾಜಿ ಬರೆದಿದ್ದು. ಮೊದಲು ಪ್ರತಿ ಭಾನುವಾರ ಒಬ್ಬರು ಬಂದು ಕೈಯಲ್ಲಿ ಮಾಡ್ಬೇಕಿತ್ತು. ಒಬ್ಬರ ಭಾನುವಾರ ಹಾಳು. ಅವನು ಒಂದು ವಾರ ಕೂತು ಸ್ಕ್ರಿಪ್ಟ್ ಬರೆದ. ಎಲ್ಲರೂ ಸೇರಿ ಅವನಿಗೆ ಬಿರಿಯಾನಿ ಕೊಡಿಸಿದ್ವಿ."

ಪರದೆಯ ಮೇಲೆ ಎರಡನೆಯ ಸಾಲು ಬಂತು. *ಕಾಯುತ್ತಿದೆ.* ಮತ್ತೆ ಅದೇ. *ಕಾಯುತ್ತಿದೆ.*

ಏಳು ವಾರದ ಹಿಂದೆ ಇದನ್ನೆಲ್ಲ ಯಾಕೆ ಕೇಳಲಿಲ್ಲ ಎಂದು ಆಶಾರಾಣಿ ತನ್ನನ್ನೇ ಬೈದುಕೊಂಡಳು. ಒಬ್ಬ ಮನುಷ್ಯನ ಹೆಸರು ಕಂಡರೆ ಅಲ್ಲಿ ಆ ಮನುಷ್ಯ ಇದ್ದ ಎಂದುಕೊಳ್ಳುವಷ್ಟು ಹಳೆಯ ಕಾಲದವಳು ತಾನು. ಪೊಲೀಸ್ ಕೆಲಸ ಬಿಟ್ಟರೂ ರಿಜಿಸ್ಟರಿನ ಮೇಲಿನ ನಂಬಿಕೆ ಬಿಟ್ಟಿರಲಿಲ್ಲ.

"ಈ ಸರ್ವರ್ ನಿಂತ್ರೆ ಉಳಿದದ್ದೆಲ್ಲ ನಿಲ್ಲಲ್ವಾ?"

"ಇಲ್ಲ ಅಕ್ಕ. ಕಟ್ಟಡದ ಕೆಲಸ ನೋಡಿದ್ದೀರಲ್ಲ? ಇದು ಮೇಸ್ತ್ರಿ ಥರ. ಒಳಗೆ ಮುನ್ನೂರು ಮಿಷನ್‌ಗಳಿವೆ, ಕಣ್ಣಿಗೆ ಕಾಣದವು, ಸಾಫ್ಟ್‌ವೇರಲ್ಲೇ ಇರೋವು. ಅವೆಲ್ಲ ಕೂಲಿಯವರು. ಮೇಸ್ತ್ರಿ ಮಲಗಿದ್ರೂ ಅವು ಕೆಲಸ ಮಾಡ್ತಿರ್ತವೆ. ಆದ್ರೆ ಯಾರು ಬಂದ್ರು, ಯಾರು ಹೋದ್ರು, ಯಾರು ಏನು ಎತ್ಕೊಂಡು ಹೋದ್ರು ಅಂತ ಬರ್ಕೊಳ್ಳೋನು ಮೇಸ್ತ್ರಿ. ಅವನು ಮಲಗಿರೋವಾಗ..." ಶಾಂತಿ ನಿಲ್ಲಿಸಿದಳು.

"ಬರ್ಕೊಳ್ಳೋರು ಇಲ್ಲ."

"ಹನ್ನೆರಡು ನಿಮಿಷ ಇಲ್ಲ."

ಲಿಫ್ಟಿನ ಗಂಟೆ ಕೇಳಿಸಿತು. ಗಾಜಿನ ಬಾಗಿಲು ತಳ್ಳಿಕೊಂಡು ಗೋಪಾಲಪ್ಪ ಬಂದರು. ಶಾಂತಿ, ಬಾಲಾಜಿ ಎಲ್ಲರ ಮ್ಯಾನೇಜರ್. ನಲವತ್ತೈದು ದಾಟಿದ ವಯಸ್ಸು. ಮನೆಯ ಚಪ್ಪಲಿ, ಇಸ್ತ್ರಿ ಇಲ್ಲದ ಟೀ ಶರ್ಟು, ಹಣೆಯಲ್ಲಿ ಬೆಳಗಿನ ಕುಂಕುಮ. ಕೆಳಗಿನ ಗಾರ್ಡ್ ಫೋನ್ ಮಾಡಿರಬೇಕು. ಮನೆ ಇಲ್ಲೇ ಕುಂದಲಹಳ್ಳಿಯಲ್ಲಿ.

"ಏನ್ ಮೇಡಂ, ಭಾನುವಾರನೂ ಬಿಡಲ್ವಾ? ರಿಪೋರ್ಟ್ ಕೊಟ್ರಿ, ನಾವು ಥ್ಯಾಂಕ್ಸ್ ಅಂದ್ವಿ. ಮುಗೀತಲ್ಲ?"

"ನೀವು ಕೊಟ್ಟ ಪಾಸ್ ಇನ್ನೂ ಬಾಗಿಲು ತೆಗೀತಿತ್ತು ಸಾರ್. ಅದಕ್ಕೇ ಬಂದೆ."

"ಅದನ್ನ ಕ್ಯಾನ್ಸಲ್ ಮಾಡಿಸ್ಬೇಕಿತ್ತು."

"ನಿಮ್ಮಲ್ಲಿ ಸತ್ತವರ ಹೆಸರನ್ನೇ ತೆಗೆಯಲ್ಲ. ನನ್ನ ಪಾಸ್ ಯಾವ ಲೆಕ್ಕ? ಕೂತ್ಕೊಳ್ಳಿ. ಇನ್ನು ಎಂಟು ನಿಮಿಷ ಇದೆ."

"ಯಾತಕ್ಕೆ?"

"ಬಾಲಾಜಿ ಕೆಲಸ ಮುಗಿಸೋಕೆ."

ಗೋಪಾಲಪ್ಪ ಪರದೆ ನೋಡಿದರು. ಆಮೇಲೆ ಶಾಂತಿಯನ್ನು ನೋಡಿದರು. ಅವಳು ತಲೆ ಎತ್ತಲಿಲ್ಲ.

"ಓ," ಎಂದರು. "ತೋರಿಸ್ಬಿಟ್ಯಾ?"

ಅವರು ಕೂರುವುದಕ್ಕೆ ತುಸು ಹೊತ್ತು ತೆಗೆದುಕೊಂಡರು. ಆಶಾರಾಣಿ ಆತುರಪಡಲಿಲ್ಲ. ಸುಳ್ಳು ಹೇಳಿದವನಿಗೆ ನಮ್ಮ ಮಾತಿನ ಊರುಗೋಲು ಕೊಡಬಾರದು ಎಂಬುದು ಅವಳು ಠಾಣೆಯಲ್ಲಿ ಕಲಿತ ಪಾಠ. *ಕಾಯುತ್ತಿದೆ* ಎಂಬ ಸಾಲು ಇನ್ನೂ ಎರಡು ಸಲ ಬಂತು.

"ಏಳು ವಾರದ ಹಿಂದೆ ನಾನು ನಿಮ್ಮನ್ನ ಕೇಳಿದ್ದೆ ಸಾರ್. ಮೂರು ನಲವತ್ತಕ್ಕೆ ಲಾಗಿನ್ ಆಗಿದ್ದು ಬಾಲಾಜಿನೇನಾ ಅಂತ. ನೀವೇನಂದ್ರಿ?"

"ಅವನದೇ ಲಾಗಿನ್ ಅಂದೆ."

"'ಅವನೇ ಕೂತು ಸರ್ವರ್ ರೀಸ್ಟಾರ್ಟ್ ಮಾಡಿದ್ದಾನೆ ಮೇಡಂ, ಪಾಪ, ಸಾಯೋ ದಿನವೂ ಡ್ಯೂಟಿ ಮಾಡಿದ್ದಾನೆ' ಅಂದ್ರಿ. ಕಣ್ಣು ಒರೆಸ್ಕೊಂಡ್ರಿ."

"ಒರೆಸ್ಕೊಂಡಿದ್ದು ಸುಳ್ಳಲ್ಲ."

"ಮಿಕ್ಕಿದ್ದು?"

ಗೋಪಾಲಪ್ಪ ಟೀ ಶರ್ಟಿನ ತುದಿ ಎಳೆದುಕೊಂಡರು. "ಆಡಿಟ್ ಅಂದ್ರೆ ಏನು ಅಂತ ನಿಮಗೆ ಗೊತ್ತಿಲ್ಲ ಮೇಡಂ. ನಮ್ಮ ಕ್ಲೈಂಟಿನ ರೂಲ್ ಪ್ರಕಾರ ಯಾರದ್ದೇ ಸ್ವಂತ ಪಾಸ್‌ವರ್ಡ್ ಒಳಗೆ ಬರೆದು ಸ್ಕ್ರಿಪ್ಟ್ ಓಡಿಸೋ ಹಾಗಿಲ್ಲ. ಅದಕ್ಕೆ ಬೇರೆ ಐಡಿ ಬೇಕು. ಅದಕ್ಕೆ ಹದಿನಾಲ್ಕು ಜನರ ಒಪ್ಪಿಗೆ ಬೇಕು. ಒಂದು ವರ್ಷ ಬರೆದೆ, ಹನ್ನೊಂದು ಬಂತು, ಮೂರು ಬರಲಿಲ್ಲ. ಬಾಲಾಜಿ ಅಂದ, 'ಸಾರ್, ಸದ್ಯಕ್ಕೆ ನಂದೇ ಹಾಕಿರ್ತೀನಿ' ಅಂತ. ಆ ಸದ್ಯಕ್ಕೆ ಎರಡು ವರ್ಷ ಓಡ್ತು."

"ಸತ್ತ ಮೇಲೂ ಓಡ್ತು."

"ಓಡ್ತಿರೋದನ್ನ ಮುಟ್ಟಬಾರದು ಮೇಡಂ. ಈ ಲೈನಲ್ಲಿ ಮೊದಲು ಕಲಿಯೋದೇ ಅದು. ಎಚ್‌ಆರ್‌ನೋರು ಅವನ ಐಡಿ ತೆಗೀತೀವಿ ಅಂದ್ರು. ತೆಗೆದ್ರೆ ಸ್ಕ್ರಿಪ್ಟ್ ನಿಲ್ಲುತ್ತೆ, ಸೋಮವಾರ ಬೆಳಗ್ಗೆ ಸರ್ವರ್ ಮಕಾಡೆ ಮಲಗುತ್ತೆ. ನಾನೇ ಬೇಡ ಅಂತ ಬರ್ಕೊಟ್ಟೆ."

"ಕಾರಣ ಏನು ಬರೆದ್ರಿ?"

ಶಾಂತಿಯೇ ಹೇಳಿದಳು, ಪರದೆಯ ಕಡೆ ಮುಖ ಮಾಡಿಕೊಂಡು. "'ರಿಟೆನ್ಷನ್' ಅಂತ ಒಂದು ಕಾಲಂ ಇದೆ ಅಕ್ಕ. ಉಳಿಸಿಕೊಳ್ಳೋದು ಅಂತ ಅರ್ಥ. ಸಾರ್ ಅದಕ್ಕೆ ಟಿಕ್ ಹಾಕಿದ್ರು."

ಆಶಾರಾಣಿಗೆ ನಗು ಬರಬೇಕಿತ್ತು. ಬಾಯಲ್ಲಿ ಬೇವಿನ ರುಚಿ ಬಂತು.

"ಒಬ್ಬ ಮನುಷ್ಯ ಪರಪ್ಪನ ಅಗ್ರಹಾರದಲ್ಲಿದ್ದಾನೆ ಸಾರ್. ನಿಮ್ಮ ಆಡಿಟ್ ಪಾಸಾಗೋಕೆ."

"ಅವನನ್ನ ನಾನು ಹಾಕಿಸ್ಲಿಲ್ಲ." ಗೋಪಾಲಪ್ಪನವರ ದನಿ ಮೆತ್ತಗೇ ಇತ್ತು. "ನಾನು ಕೊಟ್ಟಿದ್ದು ಒಂದು ಪ್ರಿಂಟ್‌ಔಟ್. ಹಾಕಿಸಿದ್ದು ನಿಮ್ಮ ರಿಪೋರ್ಟು."

ಅದು ನಿಜ.

ನರೇಶನ ಮೇಲಿನ ಕೇಸು ಕೇಳಲು ಬಹಳ ಸರಳವಾಗಿತ್ತು. ಬಾಲಾಜಿ ಮೂರು ನಲವತ್ತಕ್ಕೆ ವೈಟ್‌ಫೀಲ್ಡಿನ ಆಫೀಸಿನಲ್ಲಿ ಜೀವಂತ. ಐದೂವರೆಗೆ ವರ್ತೂರು ಕೆರೆಯಲ್ಲಿ ಹೆಣ. ನಡುವೆ ಅವನನ್ನು ಅಲ್ಲಿಗೆ ಕರೆದೊಯ್ದವನು ಯಾರು? ದಿನಾ ಅವನನ್ನು ಆಫೀಸಿಗೆ ತಂದು ಬಿಡುತ್ತಿದ್ದ ಕ್ಯಾಬಿನ ನರೇಶ್. ಆ ಸಂಜೆ ಕೆರೆಯ ಅಂಚಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ಹೆಂಗಸರು ಸೊಂಟದವರೆಗೆ ನೊರೆಯಲ್ಲಿ ನಿಂತ ನರೇಶನನ್ನು ನೋಡಿದ್ದರು. ಅವನ ಎರಡೂ ಕೈ ಹೆಣದ ಮೇಲಿದ್ದವು. ದಡಕ್ಕೆ ಎಳೆದು ಹಾಕೋಕೆ ಹೋಗಿದ್ದೆ ಎಂದು ಅವನು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವನ ಮನೆ ಇದ್ದದ್ದೇ ಆ ಏರಿಯ ಮೇಲೆ ಎಂಬುದನ್ನೂ.

ಅವತ್ತು ಒಂದು ಗಂಟೆಯಿಂದ ನಾಲ್ಕೂವರೆವರೆಗೆ ನರೇಶ್ ಏರ್‌ಪೋರ್ಟ್ ಟ್ರಿಪ್ಪಿನಲ್ಲಿದ್ದ. ಟೋಲ್ ಚೀಟಿ ಇತ್ತು, ಪ್ರಯಾಣಿಕರ ಸಹಿ ಇತ್ತು. ಆದರೆ ಅದರಿಂದ ಏನು ಪ್ರಯೋಜನ? ಬಾಲಾಜಿ ಮೂರು ನಲವತ್ತಕ್ಕೆ ಬದುಕಿದ್ದನಲ್ಲ!

ನಾಳೆ ಹತ್ತೂವರೆಗೆ ಜಾಮೀನು ಅರ್ಜಿ. ವಕೀಲ ವೆಂಕಟರಮಣಪ್ಪ ಫೋನಿನಲ್ಲಿ ಹೇಳಿಬಿಟ್ಟಿದ್ದರು, "ಇದು ಎರಡನೇ ಸಲ ಕಣಮ್ಮ. ಹೊಸದೇನೂ ತರದೆ ಹೋದ್ರೆ ಜಡ್ಜ್ ಸಾಹೇಬ್ರು ನನ್ನ ಮುಖಾನೂ ನೋಡಲ್ಲ."

ನರೇಶನ ತಾಯಿ ಮಾರಕ್ಕ ಏಳು ವಾರದಿಂದ ದಿನಾ ಬೆಳಗ್ಗೆ ಆಶಾರಾಣಿಯ ಆಫೀಸಿನ ಮೆಟ್ಟಿಲ ಮೇಲೆ ಬಂದು ಕೂರುತ್ತಿದ್ದಳು. ಅಳುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ಒಂದೇ ಒಂದು ದಿನ ಮಾತಾಡಿದ್ದಳು. "ನೀನು ಬರ್ದಿದ್ದಂತಲ್ಲವ್ವ ಅದು? ಅಂಗಾದ್ರೆ ನೀನೇ ಅಳ್ಸು."

ಬರೆದದ್ದನ್ನು ಅಳಿಸಲು ಬಂದವಳು ಈಗ ಈ ಪರದೆಯ ಮುಂದೆ ಕೂತಿದ್ದಳು.

ಮೂರು ಐವತ್ತೆರಡು. ಮೂಲೆಯಲ್ಲಿ ಸಣ್ಣ ಲಕೋಟೆ ಹೊಳೆಯಿತು. ಶಾಂತಿ ಅದನ್ನು ತೆರೆದಳು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ.

*ಸರ್ವರ್ ಎದ್ದಿದೆ ಗುರು. ಎಲ್ಲಾ ಸರಿ ಇದೆ. ಹೋಗಿ ಊಟ ಮಾಡಿ. ಇಂತಿ, ಬಾಲಾಜಿ.*

ಗೋಪಾಲಪ್ಪ ಮುಖ ತಿರುಗಿಸಿದರು.

"ಪ್ರತಿ ವಾರ ಬರುತ್ತಾ?"

"ಪ್ರತಿ ವಾರ," ಎಂದಳು ಶಾಂತಿ. "ಅವನು ಹೋದ ಮೇಲೆ ಮೊದಲ ಭಾನುವಾರ ಬಂದಾಗ ನಾನು ಬಾತ್‌ರೂಮಿಗೆ ಹೋಗಿ ವಾಂತಿ ಮಾಡ್ಕೊಂಡೆ. ಸೋಮವಾರ ಯಾರೂ ಆ ವಿಷಯ ಎತ್ತಲಿಲ್ಲ. ಆರು ಜನಕ್ಕೂ ಬಂದಿತ್ತು, ಒಬ್ಬರೂ ಎತ್ತಲಿಲ್ಲ. ಮುಂದಿನ ವಾರ ನೋಡ್ತೀನಿ, ಎಲ್ಲರೂ ಅದು ಕಣ್ಣಿಗೆ ಬೀಳದ ಹಾಗೆ ಬೇರೆ ಫೋಲ್ಡರಿಗೆ ಹೋಗೋ ಥರ ಮಾಡ್ಕೊಂಡಿದ್ದಾರೆ. ನಾನೂ ಮಾಡ್ಕೊಂಡೆ."

"ಆ ಫೋಲ್ಡರ್ ತೆಗಿ."

ಶಾಂತಿಯ ಬೆರಳು ಮೌಸಿನ ಮೇಲೆ ಒಂದು ಕ್ಷಣ ತಡೆಯಿತು. ಆಮೇಲೆ ತೆಗೆದಳು.

ಮೇಲಿಂದ ಕೆಳಗೆ ಭಾನುವಾರಗಳ ಸಾಲು. ಒಂದೊಂದರ ಎದುರಿಗೂ ಬಂದ ಹೊತ್ತು. ಮೂರು ಐವತ್ತೆರಡು. ಮೂರು ಐವತ್ತೆರಡು. ಆಶಾರಾಣಿ ಬೆರಳಿಟ್ಟು ಎಣಿಸಿದಳು. ಇವತ್ತಿನದು ಸೇರಿ ಎಂಟು. ಎಂಟನೆಯದು ಬಾಲಾಜಿ ಸತ್ತ ಭಾನುವಾರದ್ದು. ಅದರ ಕೆಳಗೆ ಬೆರಳು ಇಳಿಯಿತು, ನಿಂತಿತು.

ಒಂದು ನಲವತ್ತೆರಡು.

ಅದರ ಕೆಳಗೂ ಒಂದು ನಲವತ್ತೆರಡು. ಎರಡು ವರ್ಷದ ಎಲ್ಲ ಭಾನುವಾರಗಳಲ್ಲೂ ಒಂದು ನಲವತ್ತೆರಡು.

"ಹನ್ನೆರಡು ನಿಮಿಷ ಕಳೆದ್ರೆ ಒಂದೂವರೆ," ಎಂದಳು ಆಶಾರಾಣಿ ನಿಧಾನವಾಗಿ. "ಇದು ಯಾವಾಗ್ಲೂ ಮಧ್ಯಾಹ್ನ ಒಂದೂವರೆಗೆ ಓಡ್ತಿತ್ತು. ಅವನು ಸತ್ತ ದಿನ ಮಾತ್ರ ಮೂರು ನಲವತ್ತಕ್ಕೆ ಓಡಿದೆ. ಅವತ್ತಿನಿಂದ ಅಲ್ಲೇ ನಿಂತಿದೆ. ಯಾರೋ ಅವತ್ತೇ ಟೈಮ್ ಬದಲಾಯಿಸಿದ್ದಾರೆ."

ಗೋಪಾಲಪ್ಪ ಮುಂದಕ್ಕೆ ಬಾಗಿದರು. ಅವರ ಮುಖದಲ್ಲಿ ಆಶ್ಚರ್ಯ ಇತ್ತು. ನಟನೆ ಅಂತ ಹೇಳುವಷ್ಟು ಹೆಚ್ಚೂ ಇರಲಿಲ್ಲ, ಕಡಿಮೆಯೂ ಇರಲಿಲ್ಲ.

"ನಂಗೊತ್ತಿಲ್ಲ ಮೇಡಂ. ಅವತ್ತು ನಾನು ಒಂದೂವರೆಗೇ ಇಲ್ಲಿಂದ ಹೊರಟಿದ್ದೆ. ಬೊಮ್ಮನಹಳ್ಳಿ ಛತ್ರದಲ್ಲಿ ನಮ್ಮಣ್ಣನ ಮಗಳ ಬೀಗರ ಊಟ. ಮುನ್ನೂರು ಜನ ನೋಡಿದ್ದಾರೆ. ಇದನ್ನ ಆಗಲೇ ಬರೆದುಕೊಂಡಿದ್ದೀರಿ."

"ಬರೆದುಕೊಂಡಿದ್ದೀನಿ. ಯಾರು ಬದಲಾಯಿಸಿದ್ರು ಅಂತ ಇದರಲ್ಲಿ ಬರುತ್ತಾ ಶಾಂತಿ?"

ಶಾಂತಿ ಮೌಸಿನಿಂದ ಕೈ ತೆಗೆದಳು.

"ಶಾಂತಿ?"

"ಬರುತ್ತೆ ಅಕ್ಕ."

"ತೋರಿಸು."

"ತೋರಿಸೋದೇನು." ಅವಳು ಕುರ್ಚಿಯನ್ನು ತಿರುಗಿಸಿ ಮೊದಲ ಬಾರಿಗೆ ಆಶಾರಾಣಿಯ ಮುಖ ನೋಡಿದಳು. ಕಣ್ಣು ಒಣಗಿದ್ದವು. "ನನ್ನ ಹೆಸರೇ ಇದೆ."

ಎಲ್ಲೋ ದೂರದಲ್ಲಿ ಕಾಫಿ ಮಿಷನ್ ತನ್ನಷ್ಟಕ್ಕೆ ಒಮ್ಮೆ ಗುರ್ ಎಂದು ನಿಂತಿತು.

"ಅವತ್ತು ನಂಗೆ ಮಧ್ಯಾಹ್ನ ಎರಡರವರೆಗೆ ಶಿಫ್ಟು. ಬಾಲಾಜಿ ಶಿಫ್ಟ್ ಇಲ್ಲದಿದ್ರೂ ಹನ್ನೊಂದಕ್ಕೆ ಬಂದಿದ್ದ. ಒಂದು ಗಂಟೆಗೆ ನನ್ನ ಪಕ್ಕ ಬಂದು ಕೂತ. 'ಶಾಂತಿ, ಸ್ಕ್ರಿಪ್ಟಿನ ಟೈಮನ್ನ ಮೂರು ನಲವತ್ತಕ್ಕೆ ತಳ್ಳು' ಅಂದ. 'ನೀನೇ ತಳ್ಕೋ' ಅಂದೆ. 'ನಾನು ತಳ್ಳಿದ್ರೆ ಟೈಮ್ ಬದಲಾಯಿಸಿದ್ದು ನಾನು ಅಂತ ಬೀಳುತ್ತೆ. ಮಾಮೂಲಿ ಹೊತ್ತು ಬಿಟ್ಟು ಓಡಿದ್ರೆ ಕೈಯಲ್ಲೇ ಮಾಡಿದ್ದು ಅಂದ್ಕೋತಾರೆ. ಮೂರು ನಲವತ್ತಕ್ಕೆ ನಾನು ಆಫೀಸಲ್ಲೇ ಇದ್ದೆ ಅಂತ ಕಾಣಿಸ್ಬೇಕು' ಅಂದ."

ಇಷ್ಟು ದಿನ ಆಶಾರಾಣಿ ಹುಡುಕುತ್ತಿದ್ದದ್ದು ಸತ್ತವನನ್ನು ಬದುಕಿದ್ದವನಂತೆ ತೋರಿಸಿದ ಕೊಲೆಗಾರನನ್ನು. ತೋರಿಸಿಕೊಂಡವನು ಸತ್ತವನೇ.

"ಯಾಕಂತೆ?"

"ಎಲ್ಲೋ ಹೋಗ್ಬೇಕಿತ್ತು. ಹೋಗಿದ್ದು ಇಲ್ಲಿ ಗೊತ್ತಾಗಬಾರದಿತ್ತು. ಆ ಹನ್ನೆರಡು ನಿಮಿಷ ಇದೆಯಲ್ಲ ಅಕ್ಕ, ಮೇಸ್ತ್ರಿ ಮಲಗೋ ಹೊತ್ತು. ಆಗ ಯಾರೋ ಒಳಗೆ ಬಂದು ಹೋಗ್ತಿದ್ದಾರೆ, ಕ್ಲೈಂಟಿನದು ಏನೋ ಹೊರಗೆ ಹೋಗ್ತಿದೆ ಅಂತ ಅವನಿಗೆ ಅನುಮಾನ ಇತ್ತು. ಅವನೇ ಬರೆದ ಸ್ಕ್ರಿಪ್ಟು, ಅವನದೇ ಹೆಸರು. ಸಿಕ್ಕಿಬಿದ್ರೆ ಅವನ ತಲೆಗೇ. ಯಾರಿಗಾದ್ರೂ ಹೊರಗಿನೋರಿಗೆ ಹೇಳ್ಬೇಕು ಅಂತಿದ್ದ."

"ಹೊರಗಿನೋರು ಅಂದ್ರೆ?"

ಶಾಂತಿ ತುಟಿ ಕಚ್ಚಿಕೊಂಡಳು.

"ಕುಂದಲಹಳ್ಳಿ ಗೇಟ್ ಹತ್ರ ಹಾರ್ಡ್‌ವೇರ್ ಅಂಗಡಿ ಮೇಲೆ ಒಬ್ಬ ಮೇಡಂ ಇದ್ದಾರಂತೆ, ಮೊದಲು ಪೊಲೀಸಲ್ಲಿದ್ದೋರಂತೆ. ಫೋನ್ ಮಾಡಿದ್ದೀನಿ, ಇವತ್ತು ಮೂರೂವರೆಗೆ ಬಾ ಅಂದಿದ್ದಾರೆ ಅಂದ. ಎರಡಕ್ಕೆ ನಾನು ಹೊರಟಾಗ ಇನ್ನೂ ಇಲ್ಲೇ ಕೂತಿದ್ದ."

ಆಶಾರಾಣಿಯ ಕೈಯಲ್ಲಿದ್ದ ಪೆನ್ನು ಕಾಗದದ ಮೇಲೆ ಹಾಗೇ ನಿಂತಿತು.

"ನನ್ನ ಹತ್ರನಾ?"

"ನಿಮ್ಮ ಹತ್ರಾನೇ ಅಕ್ಕ."

"ಇದನ್ನ ಏಳು ವಾರ ಒಳಗಿಟ್ಕೊಂಡಿದ್ಯಲ್ಲೇ!"

"ಮತ್ತಿನ್ನೇನು ಮಾಡ್ಲಿ?" ಶಾಂತಿಯ ದನಿ ಏರಿತು. "ಅವನು ಸತ್ತು ಎರಡು ದಿನಕ್ಕೆ ನೀವೇ ಬಂದ್ರಿ, ಸಾರ್ ಜೊತೆ, ಕಂಪನಿ ಪಾಸ್ ಹಾಕ್ಕೊಂಡು. ಅವನು ಯಾರನ್ನ ನಂಬಿ ಹೋಗಿದ್ನೋ ಅವರೇ ಇವರ ಪಕ್ಕ ನಿಂತು ಕಾಫಿ ಕುಡೀತಿದ್ರು. ನೀವೂ ಇವರ ಕಡೆಯೋರೇ ಅಂದ್ಕೊಂಡೆ. ಯಾರಾದ್ರೂ ಹಾಗೇ ಅಂದ್ಕೊಳ್ತಿದ್ರು."

ಅದರ ಹಿಂದಿನ ಶನಿವಾರ ಆಶಾರಾಣಿಗೆ ಈಗ ನೆನಪಾಯಿತು. ಆಫೀಸಿನ ಫೋನು. ಗಂಡಸಿನ ದನಿ, ತಗ್ಗಿಸಿದ್ದು, ಹಿಂದೆ ಬಸ್ಸಿನ ಸದ್ದು. "ಒಂದು ವಿಷಯ ಇದೆ ಮೇಡಂ, ಎದುರಿಗೇ ಹೇಳ್ಬೇಕು." ಅವಳು ಹೆಸರು ಕೇಳಿರಲಿಲ್ಲ. ಫೋನಿನಲ್ಲಿ ಹೆಸರು ಕೇಳುವುದಿಲ್ಲ ಎಂಬುದು ಅವಳೇ ಮಾಡಿಕೊಂಡ ನಿಯಮ. ಹೆಂಡತಿಯ ಮೇಲೆ ಅನುಮಾನ ಬಂದ ಗಂಡಂದಿರು, ಗಂಡನ ಫೋನ್ ಕದ್ದು ನೋಡಿದ ಹೆಂಡತಿಯರು ಶನಿವಾರ ಕರೆ ಮಾಡುತ್ತಾರೆ, ಭಾನುವಾರದ ಹೊತ್ತಿಗೆ ಧೈರ್ಯ ಇಳಿದು ಬರುವುದಿಲ್ಲ. ಹೆಸರು ಕೇಳದಿರುವುದು ಒಂದು ಮರ್ಯಾದೆ ಎಂದು ಅವಳು ನಂಬಿದ್ದಳು.

ಆ ಭಾನುವಾರ ಮೂರಕ್ಕೇ ಕರೆಂಟು ಹೋಗಿತ್ತು. ಪಶ್ಚಿಮದ ಬಿಸಿಲು ನೇರ ಮೇಜಿನ ಮೇಲೆ ಬೀಳುತ್ತಿದ್ದರಿಂದ ಷಟರನ್ನು ಅರ್ಧಕ್ಕೆ ಇಳಿಸಿ, ಬೀಸಣಿಗೆಗೆ ಫೈಲೊಂದನ್ನು ಹಿಡಿದು ಐದರವರೆಗೆ ಕೂತಿದ್ದಳು. ಯಾರೂ ಬರಲಿಲ್ಲ. ಇನ್ನೊಬ್ಬನ ಧೈರ್ಯ ಇಳಿಯಿತು ಎಂದುಕೊಂಡು ಮನೆಗೆ ಹೋಗಿದ್ದಳು. ಎರಡು ದಿನ ಕಳೆದು ಈ ಕಂಪನಿಯಿಂದ ಕರೆ ಬಂದಾಗ ಅದನ್ನೂ ಇದನ್ನೂ ಜೋಡಿಸಲು ಒಂದು ಹೆಸರೂ ಇರಲಿಲ್ಲ.

ಒಂದು ಹೆಸರು ಕೇಳಿದ್ದರೆ ಸಾಕಿತ್ತು. ನರೇಶ್ ಇವತ್ತು ಮನೆಯಲ್ಲಿರುತ್ತಿದ್ದ.

ಅವಳು ಪೆನ್ನನ್ನು ಮೇಜಿನ ಮೇಲಿಟ್ಟಳು. ತಲೆ ತಿಳಿಯಾಗಿತ್ತು.

"ನಾನು ಅವತ್ತು ಕಾದೆ," ಎಂದಳು. "ಐದರವರೆಗೆ ಕಾದೆ. ಅವನು ಬರಲಿಲ್ಲ."

ಅವಳು ಬೆರಳು ಮಡಚುತ್ತ ಲೆಕ್ಕ ಹಾಕಿದಳು.

"ಇಲ್ಲಿಂದ ನನ್ನ ಆಫೀಸಿಗೆ ನಡೆದ್ರೆ ಹದಿನೈದು ನಿಮಿಷ. ಇಷ್ಟೆಲ್ಲ ಹೊಂಚು ಹಾಕಿ ಹೊರಟವನು ಬರದೇ ಇರಲ್ಲ. ಬರಲಿಲ್ಲ ಅಂದ್ರೆ ಬರೋಕೆ ಬಿಡಲಿಲ್ಲ. ಎರಡು ಗಂಟೆಗೆ ಶಾಂತಿ ಅವನನ್ನ ಇಲ್ಲೇ ಬಿಟ್ಟು ಹೋಗಿದ್ದಾಳೆ. ಮೂರೂವರೆಗೆ ನನ್ನ ಹತ್ರ ತಲುಪಿಲ್ಲ. ಏನೇ ಆಗಿದ್ರೂ ಆ ಒಂದೂವರೆ ಗಂಟೆಯಲ್ಲಿ ಆಗಿದೆ. ಆಗ ನರೇಶ್ ಏರ್‌ಪೋರ್ಟ್ ರೋಡಲ್ಲಿದ್ದ." ಅವಳು ಗೋಪಾಲಪ್ಪನವರ ಕಡೆ ತಿರುಗಿದಳು. "ಸ್ಕ್ರಿಪ್ಟು ಓಡಿದ್ದನ್ನ ನಾಳೆ ಶಾಂತಿ ಹೇಳ್ತಾಳೆ. ಅವನು ಬರದೇ ಇದ್ದದ್ದನ್ನ ನಾನು ಹೇಳ್ತೀನಿ. ನಾನು ಬರೆದದ್ದು ತಪ್ಪು ಅಂತ ನಾನೇ ಕಟಕಟೆಯಲ್ಲಿ ನಿಂತು ಹೇಳ್ತೀನಿ. ನನ್ನ ಲೈಸೆನ್ಸ್ ಹೋದ್ರೆ ಹೋಗ್ಲಿ."

ಗೋಪಾಲಪ್ಪ ಕುರ್ಚಿಯ ಬೆನ್ನಿಗೆ ಒರಗಿದರು. ಬಂದಾಗಿನಿಂದ ಮೊದಲ ಸಲ ಅವರ ಭುಜ ಸಡಿಲವಾಯಿತು. ಮುಖದಲ್ಲಿ ಒಂದು ಥರದ ಕನಿಕರ.

"ಬೇಜಾರು ಮಾಡ್ಕೋಬೇಡಿ ಮೇಡಂ. ನಿಮ್ಮ ಒಳ್ಳೇದಕ್ಕೇ ಹೇಳ್ತೀನಿ. ಬರಲಿಲ್ಲ ಅನ್ನೋದಕ್ಕೆ ಸಾಕ್ಷಿ ಏನು? ಸರ್ಕಾರಿ ವಕೀಲ ಎದ್ದು ಬಂದಿದ್ದ ಅಂದ್ರೆ? ನೀವೇ ಅವನನ್ನ ಕೊನೆಗೆ ನೋಡಿದ್ದು ಅಂದ್ರೆ? ಕಂಪನಿ ಕಡೆಯಿಂದ ಫೀಸ್ ತಗೊಂಡು ಮುಚ್ಚಿಟ್ರಿ ಅಂದ್ರೆ? ಅರ್ಧ ಷಟರ್ ಇಳಿಸ್ಕೊಂಡು ಕತ್ತಲಲ್ಲಿ ಒಬ್ಬರೇ ಕೂತಿದ್ದೋರಿಗೆ ಯಾರು ಸಾಕ್ಷಿ ಹೇಳ್ತಾರೆ ಮೇಡಂ?"

ಆಶಾರಾಣಿ ಅವರ ಬಾಯನ್ನೇ ನೋಡುತ್ತಿದ್ದಳು.

ಕರೆಂಟಿನ ಮಾತನ್ನು ಅವಳು ಆಡಿರಲಿಲ್ಲ. ಷಟರಿನ ಮಾತನ್ನು ಈ ಕೋಣೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಏಳು ವಾರದಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳುವುದಕ್ಕೆ ಅದರಲ್ಲಿ ಏನೂ ಇರಲಿಲ್ಲ. ಅದು ಗೊತ್ತಿರಬೇಕಾದರೆ ಆ ಮಧ್ಯಾಹ್ನ ಕುಂದಲಹಳ್ಳಿ ಗೇಟಿನ ರಸ್ತೆಯಲ್ಲಿ ನಿಂತು ತಲೆ ಎತ್ತಿ ನೋಡಿರಬೇಕು.

ಇನ್ನೊಂದು ವಿಷಯವೂ ಅದರ ಹಿಂದೆಯೇ ಬಂದು ನಿಂತಿತು. ಊರಿನಲ್ಲಿ ದೊಡ್ಡ ದೊಡ್ಡ ಏಜೆನ್ಸಿಗಳಿರುವಾಗ, ಇಂಥ ಗಾಜಿನ ಕಂಪನಿಯೊಂದು ಹಾರ್ಡ್‌ವೇರ್ ಅಂಗಡಿ ಮೇಲಿನ ಒಂದು ಕೋಣೆಯನ್ನು ಹುಡುಕಿಕೊಂಡು ಬಂದಿತ್ತು. ಆಗ ಅವಳು ಹೆಮ್ಮೆಪಟ್ಟಿದ್ದಳು. ವಿಸಿಟಿಂಗ್ ಕಾರ್ಡ್ ಬೇರೆ ಹೊಸದಾಗಿ ಪ್ರಿಂಟ್ ಮಾಡಿಸಿದ್ದಳು. ಇವರು ಅವಳನ್ನು ಕರೆಸಿದ್ದು ತನಿಖೆಗಲ್ಲ. ಬಾಲಾಜಿ ಅವಳ ಕಿವಿಗೆ ಏನಾದರೂ ಹಾಕಿದ್ದಾನೆಯೇ ಎಂದು ನೋಡುವುದಕ್ಕೆ.

ಗೋಪಾಲಪ್ಪನವರಿಗೆ ತಾವು ಏನು ಆಡಿದೆವೆಂದು ಇನ್ನೂ ತಿಳಿದಿರಲಿಲ್ಲ. ಅವಳು ತಿಳಿಯಗೊಡಲಿಲ್ಲ. ಮೌನವನ್ನು ಒಡೆಯದೆ ಹಾಗೇ ಹಿಡಿದುಕೊಂಡಳು.

ಒಡೆದದ್ದು ಶಾಂತಿ.

"ಸಾರ್," ಎಂದಳು. ಹುಬ್ಬು ಗಂಟಿಕ್ಕಿತ್ತು. "ನೀವು ಅವತ್ತು ಬೊಮ್ಮನಹಳ್ಳೀಲಿ..."

ಅಲ್ಲಿಗೇ ನಿಂತಳು. ಆದರೆ ಅಷ್ಟು ಸಾಕಾಯಿತು. ಗೋಪಾಲಪ್ಪನವರ ಮುಖದಿಂದ ಕನಿಕರ ಜಾರಿತು. ಅವರು ತಾವಾಡಿದ ಮಾತನ್ನು ಹಿಂದಕ್ಕೆ ಹೋಗಿ ಹುಡುಕುತ್ತಿರುವುದು ಕಣ್ಣಲ್ಲಿ ಕಾಣುತ್ತಿತ್ತು. ಸಿಕ್ಕಿತು. ಅವರು ನಿಧಾನವಾಗಿ ಎದ್ದು ಶಾಂತಿಯ ಕುರ್ಚಿಯ ಹಿಂದೆ ಹೋಗಿ ನಿಂತರು. ಕುರ್ಚಿಯ ಬೆನ್ನಿನ ಮೇಲೆ ಕೈ ಇಟ್ಟರು.

"ಟೈಮ್ ಬದಲಾಯಿಸಿದ್ದು ನೀನು ಅಲ್ವೇನಮ್ಮ?" ಮಗಳೊಂದಿಗೆ ಮಾತಾಡುವ ದನಿ. "ಹೆಸರು ನಿಂದೇ ಇದೆ. ಬಾಲಾಜಿ ಹೇಳಿದ್ದಕ್ಕೇ ಬದಲಾಯಿಸಿದ್ದು ಅಂತ ಹೇಳೋಕೆ ಬಾಲಾಜಿ ಇಲ್ಲ. ಎರಡು ಗಂಟೆವರೆಗೂ ಅವನ ಪಕ್ಕ ಕೂತಿದ್ದೋಳು ನೀನೇ. ಪೊಲೀಸರಿಗೆ ಒಬ್ಬ ಡ್ರೈವರ್ ಹೋದ್ರೆ ಇನ್ನೊಬ್ಬರು ಬೇಕಾಗುತ್ತೆ. ಅವರೇನು ಕೈ ಬೀಸ್ಕೊಂಡು ಹೋಗಲ್ಲ."

ಶಾಂತಿ ಬ್ಯಾಗಿನ ಪಟ್ಟಿ ಹಿಡಿದುಕೊಂಡಳು.

"ಅವಳ ಕುರ್ಚಿಯಿಂದ ಕೈ ತೆಗೀರಿ," ಎಂದಳು ಆಶಾರಾಣಿ.

ಅವರು ತೆಗೆದರು. ಎರಡು ಹೆಜ್ಜೆ ಹಿಂದೆ ಸರಿದರು. ಇನ್ನು ಏನೂ ಹೇಳಬೇಕಾಗಿಲ್ಲ ಎಂಬಂತೆ ಕಿಟಕಿಯ ಹೊರಗೆ ನೋಡುತ್ತ ನಿಂತರು.

"ಶಾಂತಿ," ಆಶಾರಾಣಿ ಅವಳ ಮುಂದೆ ಬಾಗಿದಳು. "ನನ್ನ ಮುಖ ನೋಡು. ನಾನೊಬ್ಬಳೇ ಹೇಳಿದ್ರೆ ಯಾರೂ ನಂಬಲ್ಲ. ನಾನು ಒಂದು ಸಲ ತಪ್ಪು ಬರೆದವಳು. ನಾಳೆ ಹತ್ತೂವರೆಗೆ ನರೇಶನ ಪಾಲಿಗೆ ಉಳಿದಿರೋದು ನೀನೊಬ್ಬಳೇ. ಸಾರ್ ಈಗ ನನ್ನ ಷಟರ್ ಬಗ್ಗೆ ಏನಂದ್ರು? ಹೇಳು, ಬರ್ಕೊಳ್ತೀನಿ."

ಶಾಂತಿ ಪರದೆಯನ್ನು ನೋಡಿದಳು. ಮೇಲ್ ಇನ್ನೂ ತೆರೆದೇ ಇತ್ತು. ಅವಳು ಅದನ್ನು ಮುಚ್ಚಿದಳು. ಫೋಲ್ಡರ್ ಮುಚ್ಚಿದಳು. ಒಂದೊಂದಾಗಿ ಎಲ್ಲ ಕಿಟಕಿಗಳನ್ನೂ ಮುಚ್ಚಿ ತನ್ನ ಹೆಸರಿನಿಂದ ಹೊರಬಂದಳು. ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ಎದ್ದಾಗ ಅವಳ ಮುಖ ಬೆವರಿತ್ತು.

"ನಂಗೆ ಮೂರು ವರ್ಷದ ಮಗು ಇದೆ ಅಕ್ಕ," ಎಂದಳು. "ಸಾರ್ ಏನೂ ಅನ್ನಲಿಲ್ಲ. ನಾನು ಏನೂ ಕೇಳಿಸ್ಕೊಳ್ಳಲಿಲ್ಲ."